ಮೊದಲು ಮಣ್ಣು, ಆಮೇಲೆ ಅಳತೆ

ಇದೆಲ್ಲ ನಡೆದದ್ದು ಹೀಗೆಯೇ ಎಂದು ನಾನು ಖಚಿತವಾಗಿ ಹೇಳಲಾರೆ. ಊರು ಹಲಬರ್ಗಾ ಎಂಬುದು ಗೊತ್ತು. ಅಂದು ಮೋಡವಿತ್ತೋ ಬಿಸಿಲಿತ್ತೋ ಗೊತ್ತಿಲ್ಲ. ನಾವು ಆ ಮನೆಯಂಗಳಕ್ಕೆ ಕಾಲಿಟ್ಟಾಗ ಬೆಳಗಿನ ಹಾಲು ಕರೆದಾಗಿತ್ತೋ ಇಲ್ಲವೋ, ಮನೆಯಾಕೆ ಆಗಲೇ ಮುಖ ಬಿಗಿದುಕೊಂಡಿದ್ದರೋ ಅಥವಾ ಮುಂದೆ ಆದದ್ದನ್ನೆಲ್ಲ ಕಂಡ ಮೇಲೆ ನಾನೇ ನೆನಪಿನಲ್ಲಿ ಅವರ ಮುಖ ಬಿಗಿಸಿದೆನೋ, ಅದೂ ಗೊತ್ತಿಲ್ಲ. ಅವ್ವನನ್ನು ಕೇಳಿದರೆ ಒಂದು ಹೇಳುತ್ತಾಳೆ, ಗೆಳೆಯನನ್ನು ಕೇಳಿದರೆ ಇನ್ನೊಂದು. ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಜನ ತಮ್ಮ ನೆನಪನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಾರೆ ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದು ಬಂದಿದ್ದೆ. ಆ ಜನರಲ್ಲಿ ನಾನೂ ಒಬ್ಬ ಎಂಬುದು ಆಗ ಹೊಳೆದಿರಲಿಲ್ಲ.

ಆ ಚಳಿಗಾಲದಲ್ಲಿ ನನಗಿದ್ದ ಹುರುಪು ಮಾತ್ರ ಸುಳ್ಳಲ್ಲ. ಅದು ಈಗಲೂ ಮೈಗೆ ನೆನಪಿದೆ.

ಓದು ಮುಗಿಸಿ ಬೀದರಿಗೆ ಮರಳಿ ಒಂದು ವರ್ಷವಾಗಿತ್ತು. ಚಿದ್ರಿ ಬಡಾವಣೆಯ ನಮ್ಮ ಮನೆಯಲ್ಲಿ ಕೂತು ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ತುಂಬುತ್ತಿದ್ದೆ. ಒಂದೊಂದು ದೇಶದಿಂದ ಒಂದೊಂದು ಬಗೆಯ ಸಭ್ಯ ಭಾಷೆಯಲ್ಲಿ ಇಲ್ಲ ಎಂಬ ಉತ್ತರ ಬರುತ್ತಿತ್ತು. ಹೀಗಿರುವಾಗ ಒಂದು ಮಳೆಯ ದಿನ, ಹೊರದೇಶದಲ್ಲಿ ಓದಲೆಂದು ಹೊರಟ ಒಬ್ಬ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತ. ಇಥಿಯೋಪಿಯಾದವನು. ಅಲ್ಲಿಯ ಸರಕಾರದ ದನಗಳ ಕೇಂದ್ರವೊಂದರಲ್ಲಿ ಕೆಲಸದಲ್ಲಿದ್ದು, ಎರಡು ವರ್ಷ ರಜೆ ಪಡೆದು, ದನದ ತಳಿಗಳ ಬಗ್ಗೆ ಸ್ನಾತಕೋತ್ತರ ಪದವಿ ಮಾಡಲು ಬೀದರಿಗೆ ಬಂದಿದ್ದ. ನಮ್ಮ ಮಾಳಿಗೆಯ ಮೇಲಿನ ಕೋಣೆ ಬಾಡಿಗೆಗೆ ಇದೆ ಎಂದು ಯಾರೋ ಹೇಳಿದ್ದರು. ಎರಡು ಸೂಟ್‌ಕೇಸು, ಒಂದು ಕೊಡೆ, ಸ್ವೆಟರಿನಲ್ಲಿ ಕೂಸಿನಂತೆ ಸುತ್ತಿ ಎದೆಗವಚಿಕೊಂಡ ಒಂದು ಮಣ್ಣಿನ ಕೂಜೆ. ನನಗೆ ಬೇಸತ್ತುಹೋಗಿದ್ದ ಊರೇ ಅವನಿಗೆ ಹೊರದೇಶ. ಅದನ್ನು ಯೋಚಿಸಿದಷ್ಟೂ ನನಗೆ ರೋಮಾಂಚನವಾಗುತ್ತಿತ್ತು.

ಮೊದಲ ತಿಂಗಳು ಅವನೊಂದಿಗೆ ನಾನೂ ಹೊಸದಾಗಿ ಬೀದರಿಗೆ ಬಂದೆ. ಬಕೆಟ್ಟು, ಸೊಳ್ಳೆಪರದೆ, ಗಾದಿ ಕೊಳ್ಳಲು ಜೊತೆಗೆ ಹೋದೆ. ಅಂಗಡಿಯವನು ಉರ್ದುವಿನಲ್ಲಿ ಬೆಲೆ ಹೇಳಿ, ಪಕ್ಕದವನೊಡನೆ ಮರಾಠಿಯಲ್ಲಿ ಮಾತಾಡಿ, ನನಗೆ ಕನ್ನಡದಲ್ಲಿ ಚೀಲ ಕೊಟ್ಟಾಗ ಅವನು ಬೆರಗಾಗಿ, "ಇದು ಒಂದೇ ಭಾಷೆಯೋ ಮೂರೋ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಒಂದೇ ಅಂಗಡಿ ಎಂದೆ. ರಸ್ತೆಯಲ್ಲಿ ಜನ ತಿರುಗಿ ನೋಡುತ್ತಿದ್ದರು. ಕೆಲವರು ಅವನಿಗೆ ಕೇಳಿಸುವಂತೆಯೇ ಅವನ ಬಣ್ಣದ ಬಗ್ಗೆ ಮಾತಾಡುತ್ತಿದ್ದರು. ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅವನು ನನ್ನ ಅಂಗಿ ಹಿಡಿದೆಳೆದು ಮುಂದೆ ನಡೆಸುತ್ತಿದ್ದ.

ಅವನಿಗೆ ಊಟದಲ್ಲಿ ಹುಳಿ ಬೇಕಿತ್ತು. ಅವರ ಊರಿನ ರೊಟ್ಟಿ ಹಿಟ್ಟನ್ನು ಹುಳಿಬರಿಸಿ ಮಾಡುವುದಂತೆ. ಅವ್ವನಿಗೆ ಹೇಳಿದೆ.

"ಹುಳಿ ಬೇಕಂತಾನ? ಅಂಬಲಿ ಅದ, ತಗೋ ಅನ್ನು. ಇದಕ್ಕ ಯಾಕ ಇಂಗ್ಲಿಷ್ ಮಾತಾಡ್ತೀರಿ ಇಬ್ಬರೂ?"

ಜೋಳದ ಅಂಬಲಿ ಒಂದು ಲೋಟ ಕುಡಿದ, ಎರಡು ಕುಡಿದ, ಮೂರನೆಯದಕ್ಕೆ ತಾನೇ ಅಡುಗೆಮನೆಗೆ ಹೋದ. ಅಂದಿನಿಂದ ಅವ್ವನ ಲೆಕ್ಕದಲ್ಲಿ ಅವನು ಬಾಡಿಗೆಯವನಾಗಿ ಉಳಿಯಲಿಲ್ಲ.

ಆ ಕೂಜೆ ಕಾಫಿಯದು. ಒಂದು ಭಾನುವಾರ ಅವ್ವನಿಂದ ತವೆ ಕೇಳಿ ಪಡೆದು, ಹಸಿರು ಕಾಫಿಬೀಜ ಹುರಿಯತೊಡಗಿದ. ಹೊಗೆ ಮೆಟ್ಟಿಲಿಳಿದು ಬಂತು. "ಏನೋ ಸುಡ್ಲತ್ತದ ನೋಡೋ ಮ್ಯಾಲ!" ಎಂದು ಅವ್ವ ಕೂಗುವಷ್ಟರಲ್ಲಿ ಎದುರಿನ ಚಹಾದಂಗಡಿಯ ಭಾಯಿ ಮಾಳಿಗೆ ಹತ್ತಿ ಬಂದಿದ್ದರು. ಮೊದಲ ಗುಟುಕಿನ ಕಹಿಗೇ ಅವರ ಮುಖ ಹಿಂಡಿದಂತಾಯಿತು.

"ಇತ್ತಾ ಕಡವಾ! ಶಕ್ಕರ್ ಡಾಲ್ನಾ ಭೂಲ್ ಗಯೇ ಕ್ಯಾ ಭಾಯಿ?"

ಸಕ್ಕರೆ ಮರೆತಿರಲಿಲ್ಲ. ಅದೇ ಪುಡಿಗೆ ಮೂರು ಸಲ ನೀರು ಹಾಕಿ ಮೂರು ಸುತ್ತು ಕುಡಿಯಬೇಕು, ನಡುವೆ ಏಳಬಾರದು ಎಂದು ಅವನು ವಿವರಿಸಿದ. ಭಾಯಿ ಅಂಗಡಿ ಬಿಟ್ಟು ಮೂರೂ ಸುತ್ತು ಕೂತರು. ಮೂರನೆಯದು ನೀರಾಗಿತ್ತು. "ಹೌ, ಇದು ಈಗ ನಮ್ಮ ಚಹಾಕ್ಕ ಸಮಾ ಆಯ್ತು" ಎಂದು ಎದ್ದರು.

ಓದಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ದೇವಣಿ ತಳಿಯ ದನಗಳ ಮೇಲೆ ಅವನ ಪ್ರಬಂಧ. ಫಾರ್ಮಿನ ದನಗಳಾಗಿದ್ದರೆ ಒಂದು ವಾರದ ಕೆಲಸ. ಅವನು ಆರಿಸಿಕೊಂಡದ್ದು ರೈತರ ಕೊಟ್ಟಿಗೆಯ ಹಸುಗಳನ್ನು. ಊರಿಗೆ ಮರಳಿದ ಮೇಲೆ ತಾನು ಅಳೆಯಬೇಕಾದದ್ದೂ ರೈತರ ದನಗಳನ್ನೇ, ಇಲ್ಲಿ ಬಂದು ಫಾರ್ಮಿನಲ್ಲಿ ಏನು ಕಲಿಯಲಿ ಎಂಬುದು ಅವನ ವಾದ. ಮಾರ್ಗದರ್ಶಕರು ಒಪ್ಪಿದರು, ಒಂದು ಷರತ್ತಿನ ಮೇಲೆ: ಶಿವರಾತ್ರಿಯೊಳಗೆ ಭಾಲ್ಕಿ ಮತ್ತು ಔರಾದ ತಾಲೂಕಿನಲ್ಲಿ ಅರವತ್ತು ಹಸುಗಳ ಅಳತೆ ಮುಗಿಯಬೇಕು. ಇಲ್ಲವಾದರೆ ವಿಷಯ ಬದಲಿಸಿ ಪ್ರಯೋಗಾಲಯದ ಕೆಲಸ ಹಿಡಿಯಬೇಕು. ಹೊಸ ವಿಷಯ ಎರಡು ವರ್ಷದಲ್ಲಿ ಮುಗಿಯುವಂತಿರಲಿಲ್ಲ. ಅವನ ರಜೆ ಎರಡು ವರ್ಷಕ್ಕಿಂತ ಒಂದು ದಿನ ಹೆಚ್ಚಿರಲಿಲ್ಲ. ಅಂದರೆ ಅರವತ್ತು ಹಸು ಸಿಗದಿದ್ದರೆ ಪದವಿಯಿಲ್ಲದೆ ಊರಿಗೆ ಮರಳಬೇಕು. ಇಷ್ಟನ್ನೂ ಅವನು ನನಗೆ ಬೆರಳು ಮಡಿಚಿ ಹೇಳಿ, "ನೀನು ನನ್ನ ದುಭಾಷಿ ಆಗುತ್ತೀಯಾ?" ಎಂದ. ನನ್ನ ಹಳೆಯ ಬೈಕಿಗೆ ಅಂದೇ ಹೊಸ ಟೈರು ಹಾಕಿಸಿದೆ.

ದುಭಾಷಿಯಾಗಿ ನಾನು ಮಾಡಿದ ಮೊದಲ ಕೆಲಸ ಅವನಿಗೆ ಒಂದು ವಾಕ್ಯ ಕಲಿಸಿದ್ದು. ಹೊಗಳಿಕೆ ಎಂಥ ಬಾಗಿಲನ್ನೂ ತೆರೆಸುತ್ತದೆ ಎಂಬ ಸಿದ್ಧಾಂತ ನನ್ನದು. ಅದು ಯಾವ ಪುಸ್ತಕದಲ್ಲಿತ್ತೋ ಈಗ ನೆನಪಿಲ್ಲ, ಬಹುಶಃ ಯಾವುದರಲ್ಲೂ ಇರಲಿಲ್ಲ. ವಾಕ್ಯ ಇದು: "ನಮಸ್ಕಾರ ರೀ. ನಿಮ್ಮ ಆಕಳ ಭಾಳ ಚಂದ ಅದ ರೀ." ಅವನು ಮಾಳಿಗೆಯ ಮೇಲೆ ಅಡ್ಡಾಡುತ್ತ ಬಾಯಿಪಾಠ ಮಾಡಿದ. ಊಟಕ್ಕೆ ಕೂತಾಗ ಅವ್ವನ ರೊಟ್ಟಿಗೂ ಅನ್ವಯಿಸಿದ. "ರೊಟ್ಟಿ ಭಾಳ ಚಂದ ಅದ ರೀ." ಅವ್ವ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ ಅಪ್ಪನ ಆಫೀಸಿನ ಸಹೋದ್ಯೋಗಿಯೊಬ್ಬರ ಪರಿಚಯದ ಮನೆಯಿತ್ತು. ಮಳೆಗಾಲ ಕಳೆದು ಹವೆ ತಣ್ಣಗಾದ ಮೇಲೆ ಅಲ್ಲಿಂದಲೇ ಶುರು ಮಾಡಿದೆವು. ಗಂಡ ಹೆಂಡತಿ ಇಬ್ಬರೂ ಐವತ್ತು ದಾಟಿದವರು. ಹಸು ಕರು ಹಾಕಿ ಎರಡು ವಾರವಾಗಿತ್ತು. ಮೈಯೆಲ್ಲ ಬಿಳಿ, ಮುಖದ ಎರಡೂ ಬದಿ ಕಪ್ಪು, ಹಣೆ ಮಾತ್ರ ಒರೆಸಿದಂತೆ ಬೆಳ್ಳಗೆ. ಗೆಳೆಯ ಅದರ ಕೊರಳ ಕೆಳಗೆ ಬೆರಳಾಡಿಸಿ ಏನೋ ಗುನುಗಿದ. ಅದು ತಲೆ ತಗ್ಗಿಸಿತು. ಎದೆಯ ಸುತ್ತಳತೆ, ಹೆಗಲ ಎತ್ತರ, ಕೊಂಬಿನ ಉದ್ದ, ಕಿವಿಯ ಉದ್ದ. ಅವನು ಹಳದಿ ಟೇಪು ಹಿಡಿದು ಹೇಳುತ್ತ ಹೋದ, ನಾನು ಬರೆದುಕೊಂಡೆ. ನಡುನಡುವೆ ನನ್ನ ವಾಕ್ಯವನ್ನು ದೊಡ್ಡ ದನಿಯಲ್ಲಿ ಹೇಳಿದ. ಒಮ್ಮೆ ಹಸುವಿಗೆ, ಒಮ್ಮೆ ಕರುವಿಗೆ, ಹೊರಡುವಾಗ ಎರಡಕ್ಕೂ ಸೇರಿಸಿ ಇನ್ನೊಮ್ಮೆ. ಮನೆಯವರು ಚಹಾ ಕೊಟ್ಟರು. ಅದೇ ಓಣಿಯಲ್ಲಿ ಇನ್ನೂ ನಾಲ್ಕು ಮನೆ, ನಾಲ್ಕು ಹಸು.

ಮರಳುವಾಗ ಭಾಲ್ಕಿ ರಸ್ತೆಯಲ್ಲಿ ಅವನು ಬೈಕಿನ ಹಿಂದೆ ಕೂತು ಕೈ ಅಗಲಿಸಿ ಗಾಳಿಗೆ ಕೂಗಿದ: "ಐದು!" ತೊಗರಿ ಹೊಲದಲ್ಲಿದ್ದವರು ತಲೆಯೆತ್ತಿ ನೋಡಿದರು. ನಾನೂ ಕೂಗಿದೆ. ಅರ್ಜಿ, ಉತ್ತರ, ಯಾವುದೂ ನೆನಪಾಗಲಿಲ್ಲ.

ಮೂರನೆಯ ದಿನ ನನ್ನ ಮೊಬೈಲಿಗೆ ಒಂದು ಧ್ವನಿಸಂದೇಶ ಬಂತು. ಹಲಬರ್ಗಾದ ಡೇರಿಗೆ ಹಾಲು ಹಾಕುವವರ ವಾಟ್ಸ್ಯಾಪ್ ಗುಂಪಿನಿಂದ ಹೊರಟು, ಅಪ್ಪನ ಸಹೋದ್ಯೋಗಿಯ ಮೂಲಕ ನನ್ನ ತನಕ ತಲುಪಿತ್ತು. ಆ ಮನೆಯ ಯಜಮಾನರ ದನಿ.

"ಯಾರೋ ಪರದೇಶದ ಡಾಕ್ಟರ್ ಬಂದು ಆಕಳಿಗಿ ಟೇಪ್ ಹಚ್ಚಿ, ಚಂದ ಅದ ಚಂದ ಅದ ಅಂತ ಮೂರ್ ಸಲ ಅಂದು ಹೋದರು. ಅವತ್ತಿಂದ ಹಾಲ ಅರ್ಧಕ್ಕ ಬಂದದ. ಕರಾ ಬಿಟ್ರೂ ಒದೀಲತ್ತದ. ನೀವೂ ಜರಾ ನೋಡ್ಕೊಂಡು ಇರ್ರಿ."

ಅವರು ಬೈದಿರಲಿಲ್ಲ. ಆದರೆ ಸಂದೇಶ ನಮ್ಮ ಬೈಕಿಗಿಂತ ಜೋರಾಗಿ ಓಡಿತು. ಭಾಲ್ಕಿಯ ಸುತ್ತಲಿನ ಹಳ್ಳಿಗಳಿಗೆ ಹೋದರೆ, "ಆಕಳ ಹೊಲಕ್ಕ ಹೋಗ್ಯದ್ರಿ" ಎನ್ನುವರು. ಗೋಡೆಯ ಹಿಂದಿನಿಂದ ಹಸು ಅಂಬಾ ಎನ್ನುವುದು. "ಅದು ನಮ್ದಲ್ರಿ, ಬೀಗರದು." ಔರಾದ ತಾಲೂಕಿನ ಒಂದೂರಿನಲ್ಲಿ ಒಬ್ಬರು ಹಸುವಿನ ಹಗ್ಗ ಕೈಯಲ್ಲಿ ಹಿಡಿದುಕೊಂಡೇ, "ನಮ್ಮನ್ಯಾಗ ಆಕಳೇ ಇಲ್ರಿ" ಎಂದರು.

"ಮತ್ತ ಇದೇನ್ರಿ?" ಎಂದೆ.

ಅವರು ಹಗ್ಗದ ತುದಿಯ ಕಡೆ, ತುಂಬಿದ ಕೆಚ್ಚಲಿನ ಕಡೆ, ಒಂದು ಗಳಿಗೆ ನೋಡಿದರು. "ಇದಾ? ಇದು ಹೋರಿ ಅದರಿ."

ಅವತ್ತು ಔರಾದಿನ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತ ನಾನು ಭಾಷಣ ಮಾಡಿದೆ. ಹೊಸಬರು ಬಂದರೆ ಹಸು ಗಾಬರಿಯಾಗುತ್ತದೆ, ಹಾಲು ತಡೆಹಿಡಿಯುತ್ತದೆ, ಕೆಚ್ಚಲು ಬೇನೆಯಿದ್ದರೂ ಒದೆಯುತ್ತದೆ, ಇದಕ್ಕೆಲ್ಲ ವಿಜ್ಞಾನವಿದೆ, ಕಣ್ಣಿನಿಂದ ಏನೂ ಹೊರಡುವುದಿಲ್ಲ ಎಂದೆಲ್ಲ. ಮೂಲೆಯ ಬೆಂಚಿನಲ್ಲಿದ್ದ ಮುದುಕರೊಬ್ಬರು ಕೊನೆಯ ತನಕ ಕೇಳಿದರು.

"ತಮ್ಮಾ, ನೀ ಎಷ್ಟ ಓದೀದಿ?"

"ಎಂ.ಎ. ರಿ, ಕಾಕಾ."

"ಆಕಳ ಎಷ್ಟ ಕರದೀದಿ?"

ಇಡೀ ಹೋಟೆಲು ನಕ್ಕಿತು. ಅವರು ಏನೆಂದರು ಎಂದು ಗೆಳೆಯ ಕೇಳಿದ. ನಾನು ಅನುವಾದಿಸಲಿಲ್ಲ.

ಅನುವಾದಿಸದೆ ಬಿಟ್ಟದ್ದು ಇನ್ನೊಂದಿತ್ತು, ಅದು ತಮಾಷೆಯದಲ್ಲ. ಧ್ವನಿಸಂದೇಶದ ಮರುದಿನವೇ ಹಲಬರ್ಗಾದ ಯಜಮಾನರು ನನಗೆ ಫೋನು ಮಾಡಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವರು ಬೇಕಂತ ಮಾಡ್ಯಾರಂತ ನಾವ್ ಅನ್ನಂಗಿಲ್ರಿ. ಒಬ್ಬೊಬ್ಬರ ಕಣ್ಣ ಹಾಂಗಿರ್ತಾವ. ಅವರ ಪಾದದ ಕೆಳಗಿನ ಮಣ್ಣ ಒಂದ್ ಹಿಡಿ ತಂದು ಕೊಡ್ರಿ, ದೃಷ್ಟಿ ತಗೀತೀವಿ. ಮುಗೀತು."

ನಮ್ಮದು ಬೌದ್ಧ ಮನೆ. ಗೋಡೆಯ ಮೇಲೆ ಬುದ್ಧನ ಪಟವಿದೆ. ದೃಷ್ಟಿ ತೆಗೆಯುವುದು, ನಿಂಬೆಹಣ್ಣು ಕಟ್ಟುವುದು ಯಾವುದೂ ಇಲ್ಲ. ಅಜ್ಜ ತನ್ನೂರಿನ ಕೆಲವು ಓಣಿಗಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು. ಅವನ ಪಾದ ಬಿದ್ದ ಮಣ್ಣಿನ ಬಗ್ಗೆ ಆ ಓಣಿಯವರು ಏನೇನು ಅನ್ನುತ್ತಿದ್ದರು ಎಂಬುದನ್ನು ಅಪ್ಪ ನನಗೆ ಒಮ್ಮೆ ಮಾತ್ರ ಹೇಳಿದ್ದ. ಈಗ ದೂರದೇಶದಿಂದ ಬಂದ ಒಬ್ಬ ಕಪ್ಪು ಮನುಷ್ಯನ ಪಾದದ ಮಣ್ಣು ಇವರಿಗೆ ಬೇಕಂತೆ, ಸುಡಲು. "ಅದೆಲ್ಲ ಆಗಂಗಿಲ್ರಿ" ಎಂದು ಫೋನು ಇಟ್ಟೆ. ಗೆಳೆಯನಿಗೆ ಸುಗ್ಗಿಯ ಗಡಿಬಿಡಿ, ಮದುವೆಗಳು ಶುರುವಾಗಿವೆ, ಜನ ಮನೆಯಲ್ಲಿ ಸಿಗುತ್ತಿಲ್ಲ ಎಂದೆಲ್ಲ ಹೇಳುತ್ತ ಹೋದೆ. ಅವನನ್ನು ಅವಮಾನದಿಂದ ಕಾಪಾಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ ಇತ್ತು.

ಲೆಕ್ಕ ಐದಕ್ಕೇ ನಿಂತಿತು. ಎರಡು ವಾರ ಕಳೆಯಿತು. ಮಾರ್ಗದರ್ಶಕರು ಅವನನ್ನು ಕರೆದು, ಹೀಗೇ ಆದರೆ ಪ್ರಯೋಗಾಲಯದ ವಿಷಯವನ್ನು ಈಗಲೇ ಹಿಡಿಯುವುದು ಒಳ್ಳೆಯದು, ಒಂದು ವಾರ ಯೋಚಿಸು ಎಂದರು. ಅವನು ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಬೇರೇನನ್ನೋ ಓದತೊಡಗಿದ. ಆ ಭಾನುವಾರ ಕಾಫಿ ಹುರಿಯಲಿಲ್ಲ. ಚಹಾದಂಗಡಿಯ ಭಾಯಿ ರಸ್ತೆಯಿಂದಲೇ ತಲೆಯೆತ್ತಿ ನೋಡಿ ಅಂಗಡಿಗೆ ಮರಳಿದರು.

ಗುಟ್ಟು ಒಡೆದದ್ದು ಅವ್ವ. ಒಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅಪ್ಪನ ಸಹೋದ್ಯೋಗಿಯ ಹೆಂಡತಿ ಅವ್ವನಿಗೆ ಎಲ್ಲ ಹೇಳಿದ್ದರಂತೆ.

"ಅಲ್ಲಪ್ಪಾ, ಹಲಬರ್ಗಾದವರು ನಿನ್ನ ಪಾದದ ಮಣ್ಣ ಕೇಳ್ಯಾರಂತಲ್ಲ? ಇಂವ ಒಯ್ದು ಕೊಟ್ಟನಾ ಇಲ್ಲಾ?" ಎಂದು ಅವನ ಪಾದ ತೋರಿಸಿ, ನೆಲ ತೋರಿಸಿ, ಮುಷ್ಟಿ ಹಿಡಿದು ತೋರಿಸಿದಳು.

ಅವನು ನನ್ನ ಮುಖ ನೋಡಿದ. ಧ್ವನಿಸಂದೇಶದಿಂದ ಹಿಡಿದು ಎಲ್ಲ ಹೇಳಬೇಕಾಯಿತು. ಅವನು ರೊಟ್ಟಿ ತಟ್ಟೆಯಲ್ಲಿಟ್ಟ.

"ಯಾವಾಗ ಕೇಳಿದರು?"

"ಹದಿನೆಂಟು ದಿನವಾಯಿತು."

"ಪಾದ ನನ್ನದು," ಎಂದ. "ಕೊಡಬೇಕೋ ಬೇಡವೋ ಎಂದು ನಿರ್ಧರಿಸಿದ್ದು ನೀನು. ಪದವಿ ಹೋಗುವುದೂ ನನ್ನದೇ."

ನಾನು ಅಜ್ಜನ ಕತೆ ಹೇಳಿದೆ. ಅವನು ಕೇಳಿದ. ಆಮೇಲೆ ತನ್ನದನ್ನು ಹೇಳಿದ. ಅವನ ತಾಯಿಯ ಮನೆಯವರು ಮಡಕೆ ಮಾಡುವವರು. ಅವನ ಊರಿನ ಕಡೆ ಮಡಕೆ ಮಾಡುವವರ ಕಣ್ಣು ಕೆಟ್ಟದ್ದು ಎಂದು ಜನ ನಂಬುತ್ತಾರೆ. ಕರುವನ್ನಾಗಲಿ ಕೂಸನ್ನಾಗಲಿ ಯಾರೂ ಹೊಗಳುವುದಿಲ್ಲ, ಅವರಂತೂ ಕಣ್ಣೆತ್ತಿಯೂ ನೋಡಬಾರದು. ಯಾರ ಮನೆಯ ಕರು ಸತ್ತರೂ ಅವನ ತಾಯಿ ಒಂದು ವಾರ ಬಾವಿಗೆ ಹೋಗುತ್ತಿರಲಿಲ್ಲ. ನಾನು ಕಲಿಸಿದ ವಾಕ್ಯ ಕೇಳಿ, ಇಲ್ಲಿಯ ರೂಢಿ ಬೇರೆ ಇರಬೇಕು ಎಂದುಕೊಂಡಿದ್ದನಂತೆ.

"ನಮ್ಮಿಂದ ಯಾರೂ ಏನನ್ನೂ ಕೇಳಲಿಲ್ಲ," ಎಂದ. "ಬರಬೇಡಿ ಎಂದರು, ಅಷ್ಟೇ. ಇವರು ಬಾ ಎಂದಿದ್ದಾರೆ. ಒಂದು ಹಿಡಿ ಮಣ್ಣು ಕೊಟ್ಟರೆ ಮುಗಿಯಿತು ಎಂದಿದ್ದಾರೆ. ಮುಗಿಯಿತು ಎಂಬ ಮಾತು ನನ್ನ ತಾಯಿಗೆ ಯಾರೂ ಹೇಳಿರಲಿಲ್ಲ."

ಅವ್ವನಿಗೆ ಇಂಗ್ಲಿಷ್ ಬಾರದು. ಆದರೂ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ನನ್ನ ಕಡೆ ತಿರುಗಿದಳು.

"ಕರಾ ಹಾಕಿದ ಆಕಳಿಗಿ ಚಂದ ಅದ ಅನ್ನು ಅಂತ ಇಂವಗ ಕಲಿಸಿದ್ಯಾರು?"

"ನಾನೇ. ಅವ್ವಾ, ನಾವು ಅದೆಲ್ಲ ನಂಬಂಗಿಲ್ಲಲ್ಲ?"

"ನಾವ್ ನಂಬಂಗಿಲ್ಲ. ಆಕಳ ಯಾರ್ದು?"

ಮರುದಿನ ಬೆಳಿಗ್ಗೆ ಹಲಬರ್ಗಾಕ್ಕೆ ಹೋದೆವು. ಅವನು ಅಂಗಳದ ಹೊರಗೇ ಬೂಟು, ಕಾಲುಚೀಲ ಬಿಚ್ಚಿದ. ಚಳಿಗೆ ನೆಲ ಕೊರೆಯುತ್ತಿತ್ತು. ಮನೆಯಾಕೆ ಬಂದು ನೋಡಿ, ಸೆರಗು ಸರಿಮಾಡಿಕೊಂಡು, "ಅಲ್ಲಿ ಬ್ಯಾಡ್ರಿ, ಕಲ್ಲ ಅದಾವ. ಇಲ್ಲಿ ನಿಂದರ್ರಿ. ಎರಡೂ ಕಾಲ" ಎಂದರು. ಅವನು ಹಸುವಿನ ಮುಂದೆ, ಸಾರಿಸಿದ ನೆಲ ಮುಗಿದು ಮಣ್ಣು ಶುರುವಾಗುವಲ್ಲಿ ನಿಂತ. ನಾನು ನಡುವೆ ನಿಂತು ಅನುವಾದಿಸಲು ಬಾಯಿ ತೆರೆದೆ. ಅದರ ಅಗತ್ಯ ಬೀಳಲಿಲ್ಲ. ಅವನು ತಾನೇ ಒಂದು ಹೆಜ್ಜೆ ಹಿಂದೆ ಸರಿದು, ಬಗ್ಗಿ, ತನ್ನ ಪಾದದ ಗುರುತಿನಿಂದ ಮಣ್ಣು ಬಾಚಿ ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದ. ಅವರು ಸೆರಗೊಡ್ಡಿ ಇಸಿದುಕೊಂಡರು. ಅದಕ್ಕೆ ಉಪ್ಪು, ಒಣಮೆಣಸಿನಕಾಯಿ ಸೇರಿಸಿ ಹಸುವಿಗೆ ಮೂರು ಸುತ್ತು ಇಳಿಸಿ ಒಲೆಗೆ ಹಾಕಿದರು.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲವಂತೆ. "ನೋಡ್ರಿ, ಘಾಟೇ ಇಲ್ಲ" ಎಂದರು ಯಜಮಾನರು. ನಾನು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸುತ್ತಿದ್ದೆ.

"ಇವರಿಗಿ ಹ್ಯಾಂಗ ಬಂತ್ರಿ ಮತ್ತ?" ಎಂದು ಮನೆಯಾಕೆ ಕೇಳಿದರು.

"ಓದಿದವರಿಗಿ ಜಾಸ್ತಿ ಹತ್ತತದ" ಎಂದರು ಯಜಮಾನರು.

ನಾನು ಕೆಮ್ಮಲೇ ಇಲ್ಲ ಎಂದು ಗೆಳೆಯ ಇಂದಿಗೂ ವಾದಿಸುತ್ತಾನೆ. ಇರಬಹುದು. ಅದೇ ಓಣಿಯ ಉಳಿದ ನಾಲ್ಕು ಮನೆಯವರೂ ಅಂದೇ ಒಂದೊಂದು ಹಿಡಿ ಮಣ್ಣು ಇಸಿದುಕೊಂಡರು. ಆ ಮೊದಲ ಮನೆಯ ಹಸು ಎರಡು ದಿನದ ಮೇಲೆ ಮೊದಲಿನಷ್ಟೇ ಹಾಲು ಕೊಟ್ಟಿತಂತೆ. ಆ ನಡುವೆ ಪಶು ಆಸ್ಪತ್ರೆಯವರು ಬಂದು ಇಂಜೆಕ್ಷನ್ ಮಾಡಿದ್ದರು ಎಂದೂ ಕೇಳಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರೂ ಬರೆದಿಟ್ಟಿಲ್ಲ. ಹಾಲು ಯಾವುದರಿಂದ ಬಂತು ಎಂದು ನಾನು ಹೇಳಲಾರೆ. ಜನ ಯಾವುದರಿಂದ ಬಂದರು ಎಂದು ಹೇಳಬಲ್ಲೆ. ಅದೇ ಗುಂಪಿನಿಂದ ಎರಡನೆಯ ಧ್ವನಿಸಂದೇಶ ಹೊರಟಿತ್ತು.

"ಡಾಕ್ಟರ್ರು ತಾವೇ ಬಂದು, ಬರಿಗಾಲಲೇ ನಿಂತು, ತಮ್ಮ ಕೈಯಲೇ ಮಣ್ಣ ಕೊಟ್ಟು ಹೋದರು. ಛಲೋ ಮನಷ್ಯಾ ಅದಾರ. ನಿಮ್ಮ ಕಡೆ ಬಂದ್ರ ಚಹಾ ಕೊಡ್ರಿ."

ಅಲ್ಲಿಂದ ಮುಂದಿನದು ಓಟ. ಒಂದು ಕ್ರಮವೇ ಏರ್ಪಟ್ಟಿತು, ಅದನ್ನು ಮಾಡಿದವರು ಯಾರೆಂದು ನನಗೆ ಗೊತ್ತಿಲ್ಲ. ಹಸುವಿಗೆ ಏನಾದರೂ ಆದ ಮೇಲೆ ನಮ್ಮನ್ನು ಹುಡುಕುವ ಬದಲು ಮಣ್ಣನ್ನು ಮುಂಗಡವಾಗಿಯೇ ಇಸಿದುಕೊಳ್ಳುವುದು ಎಂದು ಹಳ್ಳಿಹಳ್ಳಿಯಲ್ಲೂ ತೀರ್ಮಾನವಾಗಿತ್ತು. ಬಾಗಿಲಲ್ಲೇ ಹೇಳುತ್ತಿದ್ದರು: "ಮೊದಲ ಮಣ್ಣ, ಆಮ್ಯಾಲ ಅಳತಿ." ಅವನು ಬೂಟು ಬಿಟ್ಟು ಚಪ್ಪಲಿಗೆ ಬಂದ, ಬಿಚ್ಚಲು ಸಲೀಸು ಎಂದು. ಹಳೆಯ ನ್ಯೂಸ್‌ಪೇಪರು ಹರಿದು ಪೊಟ್ಟಣ ಕಟ್ಟಲು ನಾನು ಕಲಿತೆ. ಪೊಟ್ಟಣವನ್ನು ಕೊಟ್ಟಿಗೆಯ ಗೂಡಿನಲ್ಲಿ, ಮನೆಯ ತೊಲೆಯ ಸಂದಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು, ಬೇಕಾದರೆ ಇರಲಿ ಎಂದು. ಔರಾದಿನ ಆ ಹಗ್ಗ ಹಿಡಿದವರು ತಾವಾಗಿ ನಮ್ಮನ್ನು ಕೈಬೀಸಿ ಕರೆದರು. ಹೋರಿ ಹೇಗಿದೆ ಎಂದೆ. "ಈಗ ಆಕಳ ಆಗ್ಯದ್ರಿ" ಎಂದರು, ನಗದೆ.

ನನ್ನ ವಾಕ್ಯವನ್ನು ಅವನು ಪೂರ್ತಿ ಕೈಬಿಟ್ಟಿದ್ದ. ಅದರ ಬದಲು ಅವ್ವನಿಂದ ಬೇರೊಂದು ಕಲಿತಿದ್ದ. ಎಷ್ಟೇ ಒಳ್ಳೆಯ ಹಸುವಿದ್ದರೂ ಅದರ ಬೆನ್ನು ತಟ್ಟಿ, "ಇರ್ಲಿ ಬಿಡ್ರಿ, ನಡೀತದ" ಎನ್ನುತ್ತಿದ್ದ. ಮಾಲಕರು ಸಂತೋಷದಿಂದ ತಲೆಯಾಡಿಸುತ್ತಿದ್ದರು.

ಎಳ್ಳ ಅಮಾವಾಸ್ಯೆಯ ದಿನ ಔರಾದ ಕಡೆ ಇದ್ದೆವು. ಜನವೆಲ್ಲ ಹೊಲದಲ್ಲಿ, ದನಗಳೂ ಹೊಲದಲ್ಲಿ. ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸುವ ದಿನ ಅದು. ಒಂದು ಹೊಲದಲ್ಲಿ ಉಂಡು ಎರಡು ಹಸು ಅಳೆದು ಏಳುವಷ್ಟರಲ್ಲಿ ಪಕ್ಕದ ಹೊಲದವರು ಕೂಗುತ್ತಿದ್ದರು. ಅವನು ಕಾಳು-ಸೊಪ್ಪಿನ ಭಜ್ಜಿ ತಿಂದ, ಅಂಬಲಿ ಕುಡಿದ, ಮಣ್ಣು ಕೊಟ್ಟ, ಅಳೆದ, ಮತ್ತೆ ಅಂಬಲಿ ಕುಡಿದ. ಕೊನೆಗೆ ಹೊಟ್ಟೆ ಹಿಡಿದುಕೊಂಡು ಜೋಳದ ಬೆಳೆಯ ನೆರಳಲ್ಲಿ ಮಲಗಿಬಿಟ್ಟ. ಅಂದು ಒಂಬತ್ತು ಹಸು. ಸಂಜೆಯ ಬಿಸಿಲಲ್ಲಿ ಬೀದರಿನ ಕಡೆ ಬರುವಾಗ ಅವನು ಕನ್ನಡದಲ್ಲಿ ಒಂದರಿಂದ ಎಣಿಸುತ್ತ ಬಂದ. ಮೂವತ್ತರ ನಂತರದ ಸಂಖ್ಯೆಗಳು ಬರದೆ ಅಲ್ಲಿಂದ ಅವನ ಭಾಷೆಯಲ್ಲಿ ಮುಂದುವರಿಸಿದ. ನಾನೂ ಜೊತೆಗೆ ಎಣಿಸಿದೆ, ತಪ್ಪುತಪ್ಪಾಗಿ, ಗಂಟಲು ಹರಿಯುವ ಹಾಗೆ.

ಶಿವರಾತ್ರಿಗೆ ಆರೇಳು ದಿನ ಮುಂಚೆಯೇ ಅರವತ್ತು ಮುಗಿಯಿತು. ಕೊನೆಯದು ಭಾಲ್ಕಿಯ ಹತ್ತಿರದ ಒಂದು ಮುದಿ ಹಸು. ಅವನು ಟೇಪು ಸುತ್ತಿ ಜೇಬಿಗಿಟ್ಟು ಅದರ ಕುತ್ತಿಗೆಗೆ ತನ್ನ ಹಣೆ ಒತ್ತಿ ನಿಂತ. ಮನೆಯವರು ಗಾಬರಿಯಿಂದ ನನ್ನ ಕಡೆ ನೋಡಿದರು. ಏನೂ ಇಲ್ಲ, ಮುಗೀತು ಎಂದೆ.

ಅವನು ನಮ್ಮ ಮಾಳಿಗೆಯ ಮೇಲೆ ಕೂತು ಪ್ರಬಂಧ ಬರೆದ. ಅಳತೆಯ ವಿಧಾನ ಹೇಳುವ ಅಧ್ಯಾಯದಲ್ಲಿ ಮಣ್ಣಿನ ವಿಷಯವನ್ನೂ ಬರೆಯುತ್ತೇನೆ ಎಂದಾಗ ನಾನು ನಕ್ಕೆ. ಮಾರ್ಗದರ್ಶಕರು ಕೆಂಪು ಗೆರೆ ಎಳೆಯುತ್ತಾರೆ, ಪರೀಕ್ಷಕರು ಗೇಲಿ ಮಾಡುತ್ತಾರೆ ಎಂದೆ.

"ಇನ್ನೊಬ್ಬ ಇದೇ ಊರುಗಳಿಗೆ ಹೋಗಿ ಇದೇ ಕೆಲಸ ಮಾಡಬೇಕು ಎಂದುಕೊ," ಎಂದ. "ಟೇಪು ಎಲ್ಲಿ ಹಿಡಿಯಬೇಕು ಎಂದು ಬರೆದು, ಇದನ್ನು ಬರೆಯದಿದ್ದರೆ ಅವನಿಗೆ ಒಂದು ಹಸುವೂ ಸಿಗುವುದಿಲ್ಲ. ವಿಧಾನ ಅಂದರೆ ಮಾಡಿದ್ದನ್ನು ಬರೆಯುವುದು."

ಪದವಿ ಪಡೆದು, ರಜೆ ಮುಗಿಯುವ ಮೊದಲೇ ಊರಿಗೆ ಹೋದ. ಈಗ ತನ್ನ ಕಡೆಯ ರೈತರ ದನ ಅಳೆಯುತ್ತಾನೆ. ಭಾನುವಾರ ವಿಡಿಯೋ ಕರೆ ಮಾಡಿದರೆ ಅವ್ವ ಅವನೊಂದಿಗೆ ಕನ್ನಡದಲ್ಲಿ ಮಾತಾಡುತ್ತಾಳೆ. ನಾನು ಅರ್ಜಿ ತುಂಬುವುದನ್ನು ಬಿಟ್ಟಿಲ್ಲ. ಆದರೆ ಈಚೆಗೆ ಅರ್ಜಿಯಲ್ಲಿ ಸಂಶೋಧನೆ ಮಾಡಬೇಕಾದ ಜಾಗವೆಂದು ಭಾಲ್ಕಿ, ಔರಾದಿನ ಹೆಸರು ಬರೆಯುತ್ತಿದ್ದೇನೆ.

ಮಣ್ಣಿನ ಆ ವಾಕ್ಯವನ್ನು ಅವನು ನಿಜವಾಗಿ ಬರೆದನೋ, ಬರೆದದ್ದು ಕೊನೆಯ ಪ್ರತಿಯಲ್ಲಿ ಉಳಿಯಿತೋ, ಅಥವಾ ನನ್ನನ್ನು ಕೆಣಕಲು ಹೇಳಿ ಬಿಟ್ಟನೋ ಎಂಬ ಅನುಮಾನ ಬಹಳ ದಿನ ಇತ್ತು. ಕೇಳಿದರೆ ನಗುತ್ತಾನೆ. ಹೋದ ತಿಂಗಳು ಅನುಮತಿ ಪಡೆದು ಗ್ರಂಥಾಲಯಕ್ಕೆ ಹೋಗಿ ಅವನ ಪ್ರಬಂಧವನ್ನು ತೆಗೆಸಿ ನೋಡಿದೆ. ಮೂರನೆಯ ಅಧ್ಯಾಯದ ಎರಡನೆಯ ಪ್ಯಾರಾದಲ್ಲಿ, ಟೇಪಿನ ವಿವರಕ್ಕಿಂತ ಮೊದಲು ಅದು ಇದೆ. ಪ್ರತಿ ಮನೆಯಲ್ಲಿ ಅಳತೆಗೆ ಮುಂಚೆ ಸಂಶೋಧಕನು ಬರಿಗಾಲಲ್ಲಿ ನಿಂತು ತನ್ನ ಪಾದದಡಿಯ ಮಣ್ಣನ್ನು ಮನೆಯವರ ಕೈಗೆ ಕೊಟ್ಟನು. ಮೊದಲ ಐದು ಹಸುಗಳ ವಿಷಯದಲ್ಲಿ ಮಾತ್ರ, ದುಭಾಷಿಯ ತಪ್ಪಿನಿಂದಾಗಿ, ಇದನ್ನು ಅಳತೆಯ ನಂತರ ಮಾಡಲಾಯಿತು.